ಉಬ್ಬುಹಲ್ಲಿನ ಮನೆ

ಆ ಚಿತ್ರ ನೋಡಿದ ಕೂಡಲೇ ತನಗೆ ಖುಷಿಯಾಯಿತಲ್ಲ, ಅದೇ ಅವಳನ್ನು ಬೆಳಗಿನಿಂದ ಕೊರೆಯುತ್ತಿತ್ತು. ಆಗಿದ್ದು ಒಂದು ಕ್ಷಣ ಮಾತ್ರ, ಎದುರಿಗಿದ್ದವನಿಗೂ ಗೊತ್ತಾಗದಷ್ಟು, ಆದರೆ ಆಗಿದ್ದಂತೂ ನಿಜ. ನಿನ್ನೆ, ಬೀದಿಯ ಹಳೇ ಮನೆಗಳನ್ನು ದುರಸ್ತಿ ಮಾಡಿಸುವ ಟ್ರಸ್ಟಿನ ಆರ್ಕಿಟೆಕ್ಟ್ ಮನೆಮನೆಗೂ ಬಂದು, ಒಳಗೆ ಬರಬಹುದೇ ಎಂದು ಎರಡೆರಡು ಸಲ ಕೇಳಿ, ಅವಳ ಊಟದ ಮೇಜಿನ ಮೇಲೆ ದೊಡ್ಡದೊಂದು ಹಾಳೆ ಬಿಡಿಸಿ, ಅದು ಸುರುಳಿಯಾಗದಂತೆ ಮೂಲೆಮೂಲೆಗೂ ಅವಳದೇ ಲೋಟಗಳನ್ನು ಹೇರಿ ತೋರಿಸಿದ್ದ. ಬೀದಿಯ ಈ ಬದಿಯ ಅಷ್ಟೂ ಸಾಲುಮನೆಗಳು ಹಾಳೆಯ ಮೇಲೆ ಮಿಂದು ಬಂದವರಂತೆ ನಿಂತಿದ್ದವು. ಬಿಳಿ ಗೋಡೆ, ಬೂದು ಬಾಗಿಲು, ಬಾಗಿಲಿನ ಪಕ್ಕ ತಲೆಗಿಂತ ಎತ್ತರದಲ್ಲಿ ಒಂದು ಪುಟ್ಟ ಕಿಟಕಿ, ಅದರ ನೇರಕ್ಕೆ ಮಹಡಿಯಲ್ಲಿ ಇನ್ನೊಂದು ಪುಟ್ಟ ಕಿಟಕಿ. ಮತ್ತೆ ಬಾಗಿಲು, ಮತ್ತೆ ಕಿಟಕಿ. ಎಲ್ಲೂ ಏನೂ ಮುಂದಕ್ಕೆ ಚಾಚಿಲ್ಲ, ಎಲ್ಲೂ ಏನೂ ಜೋತುಬಿದ್ದಿಲ್ಲ. ತನ್ನ ಮನೆ ಯಾವುದೆಂದು ಅವಳಿಗೇ ತಿಳಿಯದೆ ಎಡದಿಂದ ಎಣಿಸುತ್ತಾ ಬಂದು ಬೆರಳಿಟ್ಟಳು. ಅಲ್ಲಿ ಬಾಲ್ಕನಿ ಇರಲಿಲ್ಲ. ಬಾಲ್ಕನಿಯ ಬಾಗಿಲಿದ್ದ ಜಾಗದಲ್ಲಿ ಅಕ್ಕಪಕ್ಕದವರಿಗೆ ಇರುವಂಥದೇ ಕಿಟಕಿ ಇತ್ತು. "ಚೆನ್ನಾಗಿದೆ" ಎಂದುಬಿಟ್ಟಿದ್ದಳು. ಬಾಯಿಂದ ಮಾತು ಜಾರಿದ ಮೇಲೆ ಕಿವಿ ಬಿಸಿಯಾಯಿತು. ಆತ ಮುಗುಳ್ನಕ್ಕು, "ಎಲ್ಲರೂ ಹಾಗೇ ಅಂದ್ರು ಮೇಡಂ, ನಾಳೆ ಸಂಜೆ ಮೀಟಿಂಗಲ್ಲಿ ಸಹಿ ಆದ್ರೆ ಕೆಲಸ ಶುರು" ಎಂದು ಲೋಟಗಳನ್ನು ಒಂದೊಂದಾಗಿ ಎತ್ತಿ, ಇದ್ದಲ್ಲೇ ಇಟ್ಟು ಹೋಗಿದ್ದ.

ಈಗ ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ತನ್ನ ಮೇಜಿನ ಮುಂದೆ ಕೂತು, ಮೇಣದ ದವಡೆಯ ಮೇಲೆ ಹಲ್ಲು ಕೂರಿಸುತ್ತಿದ್ದರೂ ಅವಳ ಮನಸ್ಸು ಆ ಹಾಳೆಯ ಮೇಲೆಯೇ ಇತ್ತು. ಯಾರದೋ ಮುದುಕರ ಮೇಲ್ದವಡೆ. ದೀಪದ ಉರಿಗೆ ಚಾಕುವಿನ ತುದಿ ಹಿಡಿದು, ಮೇಣ ಕರಗಿಸಿ, ಹಲ್ಲಿಟ್ಟು, ಒತ್ತಿ, ಕಣ್ಣು ಕಿರಿದು ಮಾಡಿ ನೋಡುವುದು. ಈ ಕೆಲಸ ಕೈಗೆ ಎಷ್ಟು ಒಗ್ಗಿಹೋಗಿದೆಯೆಂದರೆ ತಲೆ ಎಲ್ಲಿ ಬೇಕಾದರೂ ಅಲೆದುಕೊಂಡು ಬರಬಹುದು. ಬೀದಿಯಲ್ಲಿ ಅವಳಿಗೆ ಹಲ್ಲಕ್ಕ ಎಂದು ಹೆಸರು. ಕೆಲಸದಿಂದ ಬಂದ ಹೆಸರು ಎಂದು ಹೊಸಬರು ತಿಳಿಯುತ್ತಾರೆ. ಹಳಬರಿಗೆ ಗೊತ್ತು, ಅವಳು ಈ ಕೆಲಸ ಕಲಿಯುವ ಎಷ್ಟೋ ವರ್ಷ ಮೊದಲೇ ಅದು ಉಬ್ಬುಹಲ್ಲಿನ ಮನೆ, ಅವಳು ಉಬ್ಬುಹಲ್ಲಿನ ಮನೆಯ ಹುಡುಗಿ. ಅಷ್ಟು ಸಪಾಟಾದ ಬೀದಿಯ ಮುಖದಲ್ಲಿ ಅವರ ಮನೆಯೊಂದೇ ಮಹಡಿಯ ಎತ್ತರದಲ್ಲಿ ಮುಂದಕ್ಕೆ ಉಬ್ಬಿತ್ತು. ಅಪ್ಪ ಕಟ್ಟಿದ ಬಾಲ್ಕನಿ. ಅದೂ ನೆಟ್ಟಗೆ ಉಬ್ಬಿರಲಿಲ್ಲ, ಬಲಕ್ಕೆ ವಾಲಿಕೊಂಡು, ಪಕ್ಕದ ಮನೆಯ ಮುಂದಕ್ಕೆ ಒಂದು ಗೇಣು ನುಗ್ಗಿಕೊಂಡು ಉಬ್ಬಿತ್ತು. ಕಂಬಿಗಳೋ, ಆಸ್ಪತ್ರೆಯವರು ಹಳೆಯದೆಂದು ಹೊರಗೆಸೆದ ಕಬ್ಬಿಣದ ಮಂಚಗಳ ತಲೆಕಡೆಯ ಚೌಕಟ್ಟುಗಳು. ಅದರಲ್ಲೂ ಕೊನೆಯದು ಮಕ್ಕಳ ಮಂಚದ್ದು, ಉಳಿದವಕ್ಕಿಂತ ಗಿಡ್ಡ. ಎಲ್ಲಕ್ಕೂ ಸೇರಿಸಿ ಗಿಳಿಹಸಿರು ಬಣ್ಣ. ಶಾಲೆಯಿಂದ ಗೆಳತಿಯರ ಜೊತೆ ಬರುವಾಗ ಅವಳು ಬೀದಿಯ ತಿರುವಿನಲ್ಲೇ ನಿಂತು, ಅಂಗಡಿಯಲ್ಲಿ ಏನೋ ಕೊಳ್ಳುವುದಿದೆ ಎಂದು ಹೇಳಿ ಅವರನ್ನು ಸಾಗಹಾಕಿ, ಅವರು ಮರೆಯಾದ ಮೇಲೆ ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದಳು.

"ಎಲ್ಲಿದ್ದೀರಿ? ಆ ಹಲ್ಲಿಗೆ ತಲೆ ತಿರುಗ್ತಾ ಇದೆ" ಎಂದರು ಲ್ಯಾಬಿನ ಯಜಮಾನರು, ಹಿಂದಿನಿಂದ ಬಗ್ಗಿ ನೋಡುತ್ತಾ. ಪಕ್ಕದ ಹಲ್ಲೊಂದನ್ನು ಅವಳು ನಿಜವಾಗಿಯೂ ಒಂಚೂರು ತಿರುಗಿಸಿಟ್ಟಿದ್ದಳು. ಅದು ಅಲ್ಲಿನ ಪದ್ಧತಿಯೇ. ಎಲ್ಲ ಹಲ್ಲನ್ನೂ ದಾರ ಹಿಡಿದ ಹಾಗೆ ಕೂರಿಸಿದರೆ ಮುದುಕರ ಬಾಯಿ ಅಂಗಡಿಯಲ್ಲಿಟ್ಟ ಮಾಲಿನಂತೆ ಕಾಣುತ್ತದೆ, ಒಂದನ್ನು ಅಷ್ಟಿಷ್ಟು ಓರೆ ಮಾಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಇವತ್ತು ಓರೆ ಹೆಚ್ಚಾಗಿಹೋಗಿತ್ತು. ಸಂಜೆಯ ಮೀಟಿಂಗಿನ ಸಂಗತಿ ಅವರಿಗೆ ಹೇಳಿದಳು. ಯಜಮಾನರಿಗೆ ಅದು ಬಹಳ ಹಿಡಿಸಿತು. "ಅಯ್ಯೋ, ಇದನ್ನೇ ಹೋಗಿ ಹೇಳಿ. ಸಾಲಲ್ಲಿ ಒಂದು ಸೊಟ್ಟ ಇದ್ರೇನೇ ಸಹಜ, ಒಂದು ಸೊಟ್ಟ ಇದ್ರೇನೇ ಚೆಂದ ಅಂತ. ಬಾಯಿ ಮುಚ್ಚಿಕೊಂಡು ಕೇಳ್ತಾರೆ" ಎಂದರು. ಅವಳು ನಕ್ಕಳು. ಆದರೆ ಆ ಮಾತು ಒಳಗೆ ಇಳಿಯಲೇ ಇಲ್ಲ. ಬಾಲ್ಕನಿ ಹಲ್ಲಲ್ಲ. ಅದು ಚೆಂದವೂ ಅಲ್ಲ. ಚೆಂದವೆಂದು ವಾದಿಸಿ ಅದನ್ನು ಉಳಿಸಿಕೊಳ್ಳುವುದೆಂದರೆ, ಸುಳ್ಳು ಹೇಳಿ ಅದಕ್ಕೆ ಮದುವೆ ಮಾಡಿಸಿದ ಹಾಗೆ. ಮೇಣ ಕರಗಿಸಿ ಹಲ್ಲು ಕಿತ್ತು ಮತ್ತೆ ಮೊದಲಿನಿಂದ ಕೂರಿಸಿದಳು.

ಬೇಡವೆಂದರೆ ಏನಾಗುತ್ತದೆ ಎಂಬುದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ಹಳೇ ಕಟ್ಟಡಗಳನ್ನು ನೋಡಿಕೊಳ್ಳುವ ಟ್ರಸ್ಟಿನವರು ಬೀದಿಯ ಈ ಬದಿಗೆ ಹೊಸ ಸೂರು ಹಾಕಿಸಿಕೊಡುತ್ತಾರೆ, ಗೋಡೆಯ ಬಿರುಕು ತುಂಬುತ್ತಾರೆ, ಎಲ್ಲ ಅವರದೇ ಖರ್ಚು. ಬದಲಿಗೆ ಸಾಲು, ಹಿಂದೆ ಬಟ್ಟೆ ಗಿರಣಿಯವರು ತಮ್ಮ ಕೆಲಸಗಾರರಿಗೆಂದು ಕಟ್ಟಿಸಿದಾಗ ಹೇಗಿತ್ತೋ ಹಾಗೇ ಆಗಬೇಕು. ಒಂದು ಮನೆ ಒಪ್ಪದಿದ್ದರೂ ಇಡೀ ಸಾಲು ಬಿಟ್ಟು ಅವರು ಬೇರೆ ಬೀದಿಗೆ ಹೋಗುತ್ತಾರೆ. ಬೇರೆ ಮನೆಗಳಲ್ಲಿ ತೆಗೆಯುವಂಥದು ಹೆಚ್ಚೇನೂ ಇರಲಿಲ್ಲ. ಒಬ್ಬರ ಬಾಗಿಲಿನ ಮೇಲಿನ ತಗಡು, ಇನ್ನೊಬ್ಬರ ಗೋಡೆಯ ಟೈಲ್ಸು. ನಿಜವಾಗಿ ಹೋಗಬೇಕಾದದ್ದು ಉಬ್ಬುಹಲ್ಲು ಒಂದೇ. ನಿಜವಾಗಿ ಸೂರು ಬೇಕಾದದ್ದೂ ಒಬ್ಬರಿಗೇ, ಅದೂ ಪಕ್ಕದ ಮನೆಯ ನರ್ಸಮ್ಮನಿಗೆ. ಹೋದ ತಿಂಗಳು ನರ್ಸಮ್ಮ ಅಡುಗೆಮನೆಯಲ್ಲಿದ್ದಾಗ ಮಹಡಿಯ ಕೋಣೆಯ ಚಾವಣಿ ಕಳಚಿ ಅವರ ಹಾಸಿಗೆಯ ಮೇಲೇ ಬಿದ್ದಿತ್ತು. ಸದ್ದಿಗೆ ಇವಳು ಈ ಕಡೆಯಿಂದ ಗೋಡೆ ಬಡಿದಿದ್ದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೆಲ್ಲಗೆ ಬಡಿತ ಕೇಳಿಸಿತು. ಅವತ್ತಿನಿಂದ ನರ್ಸಮ್ಮ ಕೆಳಗೆ, ಮೆಟ್ಟಿಲ ಬುಡದಲ್ಲಿ ಮಲಗುತ್ತಾರೆ. ನಮ್ಮನೆಗೆ ಬನ್ನಿ ಅಕ್ಕಾ ಎಂದರೆ, "ನಾನೇನು ಪೇಷಂಟಾ" ಎಂದು ಬಾಗಿಲು ಹಾಕಿಕೊಳ್ಳುತ್ತಾರೆ.

ಮಧ್ಯಾಹ್ನವೇ ರಜೆ ಕೇಳಿ ಹೊರಟಳು. ಬಸ್ಸಿನಿಂದಿಳಿದು ತಿರುವಿನಲ್ಲಿ ನಿಂತಾಗ, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೇನೆಂದು ಹೊಳೆದು ತನ್ನ ಮೇಲೇ ಸಿಟ್ಟು ಬಂತು. ನೆತ್ತಿಯ ಮೇಲಿನ ಬಿಸಿಲಿಗೆ ಬೀದಿ ಬೆಳ್ಳಗೆ ಕಾಯುತ್ತಿತ್ತು. ಎರಡು ಬದಿಯ ಮನೆಗಳ ನಡುವೆ ನೆರಳೆಂಬುದು ಒಂದೇ ತುಂಡು, ಉಬ್ಬುಹಲ್ಲಿನ ಕೆಳಗೆ. ಆ ತುಂಡಿನೊಳಗೆ ಸೈಕಲ್ ರಿಪೇರಿಯವನು ತನ್ನ ನೀರಿನ ತೊಟ್ಟಿ, ಪಂಪು, ಟ್ಯೂಬುಗಳ ಸಮೇತ ಕುಕ್ಕರಗಾಲಲ್ಲಿ ಕೂತಿದ್ದ. ನೆರಳು ಸರಿದ ಹಾಗೆ ಅವನೂ ಸರಿಯುತ್ತಾನೆ, ಸಂಜೆಯ ಹೊತ್ತಿಗೆ ನರ್ಸಮ್ಮನ ಬಾಗಿಲಿನ ಮುಂದಿರುತ್ತಾನೆ. ಯಾರಾದರೂ ಸಿಗುವುದಿದ್ದರೆ ಉಬ್ಬುಹಲ್ಲಿನ ಕೆಳಗೆ ಸಿಗುತ್ತೇನೆ ಎನ್ನುತ್ತಾರೆ, ಮಳೆ ಬಂದರೆ ಅಲ್ಲಿಗೇ ಓಡುತ್ತಾರೆ, ಜಗಳವಾದರೂ ಅಲ್ಲಿಗೇ ಬಂದು ಆಡುತ್ತಾರೆ. ಆಡಿಕೊಂಡು ನಗುವುದೂ ಅದನ್ನೇ.

"ಹಲ್ಲಕ್ಕ, ಇವತ್ತು ಕೀಳ್ತಾರಂತಲ್ಲ" ಎಂದ ಸೈಕಲ್‌ನವನು, ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಾ.

"ಯಾರು ಹೇಳಿದ್ದು?"

"ಎಲ್ಲರೂ. ನಾನು ಆ ಕಡೆ ಬ್ಯಾಂಕಿನ ಹತ್ರ ಹೋಗ್ತೀನಿ. ಅಲ್ಲೂ ಸ್ವಲ್ಪ ನೆರಳಿದೆ." ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ದೂರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವನಿಗಾಗಿ ಉಳಿಸುತ್ತೇನೆ ಎಂದು ಎದೆಯುಬ್ಬಿಸಿ ಹೇಳಬಹುದಿತ್ತು. ಅವನು ಗುಳ್ಳೆ ಬಂದ ಜಾಗಕ್ಕೆ ಹೆಬ್ಬೆರಳೊತ್ತಿ ಟ್ಯೂಬನ್ನು ನೀರಿನಿಂದೆತ್ತಿದ.

ಮನೆಯೊಳಗೆ ಕತ್ತಲು. ಈ ಮನೆಗಳಲ್ಲಿ ಹಾಡಹಗಲಲ್ಲೂ ಹೀಗೇ. ಹೊರಗಿನಿಂದ ಬಂದರೆ ಕಣ್ಣು ಕತ್ತಲಿಗೆ ಹೊಂದುವ ತನಕ ಕುರ್ಚಿಯನ್ನು ಕೈಯಿಂದಲೇ ಹುಡುಕಬೇಕು. ಕಿಟಕಿ ಅಷ್ಟು ಮೇಲಿದ್ದರೆ ಬೆಳಕು ಬೀಳುವುದು ಎದುರು ಗೋಡೆಯ ನೆತ್ತಿಗೇ. ನಿನ್ನೆ ಆರ್ಕಿಟೆಕ್ಟ್ ಅದನ್ನು ಮೆಚ್ಚಿಕೊಂಡೇ ಹೇಳಿದ್ದ, ಆ ಕಾಲದವರಿಗೆ ಒಳಗಿನವರ ಮರ್ಯಾದೆ ಎಷ್ಟು ಮುಖ್ಯವಾಗಿತ್ತು ನೋಡಿ, ದಾರಿಹೋಕರ ಕಣ್ಣು ಬೀಳದ ಹಾಗೆ ಕಿಟಕಿ ಇಟ್ಟಿದ್ದಾರೆ ಎಂದು. ಆಗ ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದು ಅವಳಿಗೆ ಬಹಳ ಬೇಗ ಬರುತ್ತದೆ. ಈಗ ಕತ್ತಲಲ್ಲಿ ಕುರ್ಚಿಯ ಬೆನ್ನು ಕೈಗೆ ತಗುಲಿದಾಗ ಅಪ್ಪನ ದನಿ, ಗಿರಣಿಯ ಬಣ್ಣ ಅದ್ದುವ ಖಾತೆಯಲ್ಲಿ ದುಡಿದು ಉಗುರುಗಳೆಲ್ಲ ನೀಲಿಯಾಗಿದ್ದ ಅಪ್ಪನ ದನಿ, ತಮಾಷೆ ಮಾಡುವಾಗಿನ ಎಳೆದ ದನಿ ಕಿವಿಯಲ್ಲೇ ಬಂದ ಹಾಗಾಯಿತು. ಗಿರಣಿಯ ಸಾಹುಕಾರ ಇದ್ದನಲ್ಲ, ಅವನಿಗೆ ಬಹಳ ದಯೆ, ಒಳಗೆ ಗಾಳಿ ಬರಲಿ, ಹೊರಗೆ ಕಣ್ಣು ಹೋಗದಿರಲಿ ಅಂತ ಲೆಕ್ಕ ಹಾಕಿ ಕಿಟಕಿ ಇಡಿಸಿದ. ಕಿಟಕಿಯಲ್ಲಿ ನಿಂತವನು ಎದುರು ಮನೆಯವನನ್ನು ಮಾತಾಡಿಸುತ್ತಾನೆ. ಇಬ್ಬರು ಮಾತಾಡಿದರೆ ಮೂರನೆಯವನು ಬರುತ್ತಾನೆ. ಹೊಸ್ತಿಲ ಮುಂದೆ ಕೂರಲು ಒಂದು ಮೆಟ್ಟಿಲನ್ನೂ ಅವನು ಕಟ್ಟಿಸಲಿಲ್ಲ, ಕೂತವರು ಏನು ಮಾತಾಡುತ್ತಾರೆಂದು ಯಾರಿಗೆ ಗೊತ್ತು. ಗಿರಣಿಗೂ ಮನೆಗೂ ನಡುವೆ ಬೀದಿ ಇರುವುದು ನಡೆಯಲು ಮಾತ್ರ. ಹೀಗಾಗಿ ಆ ಬೀದಿಯ ಹೆಂಗಸರು ಬೀದಿಯನ್ನು ತಿಳಿಯುತ್ತಿದ್ದುದು ಕಿವಿಯಿಂದಲೇ. ಯಾರ ಚಪ್ಪಲಿ, ಯಾರ ಕೆಮ್ಮು, ಯಾರು ಯಾರ ಮನೆಯ ಮುಂದೆ ಒಂದು ಗಳಿಗೆ ಹೆಚ್ಚು ನಿಂತರು, ಎಲ್ಲ ಕಿವಿಗೆ.

ಗಿರಣಿ ಮುಚ್ಚಿ, ಮನೆಗಳನ್ನು ಇದ್ದವರಿಗೇ ಮಾರಿದ ವರ್ಷವೇ ಅಪ್ಪ ಮಹಡಿಯ ಗೋಡೆ ಒಡೆದ. ಬೇರೆಯವರಾರೂ ಒಡೆಯಲಿಲ್ಲ. ಮನೆ ತಮ್ಮದೇ ಆದ ಮೇಲೂ ಅಭ್ಯಾಸಬಲದಿಂದ ಕಿಟಕಿ ಇದ್ದಲ್ಲೇ ಇತ್ತು. ಅಪ್ಪ ತನ್ನ ಜೊತೆಯವರಿಬ್ಬರನ್ನು ಕಟ್ಟಿಕೊಂಡು, ಕಟ್ಟಡದ ಕೆಲಸದ ಗಂಧಗಾಳಿ ಇಲ್ಲದಿದ್ದರೂ ಕೋಣೆಯೊಳಗೆ ನಿಂತು ಅಳತೆ ಹಿಡಿದ. ಒಳಗಿನಿಂದ ಅಳೆದವನಿಗೆ ಗೋಡೆ ಪೂರ್ತಿ ತನ್ನದೇ ಅನ್ನಿಸುತ್ತದೆ. ಸಾಲುಮನೆಯ ಗೋಡೆಯಲ್ಲಿ ಅರ್ಧ ಪಕ್ಕದವರದು ಎಂಬುದು ಕಬ್ಬಿಣದ ಗರ್ಡರು ಕೂರಿಸಿ, ಹಲಗೆ ಹೊದಿಸಿ, ಕೆಳಗಿಳಿದು ಬೀದಿಗೆ ಬಂದು ನೋಡಿದಾಗಲೇ ಗೊತ್ತಾದದ್ದು. ಕೊನೆಯ ಗರ್ಡರು ನರ್ಸಮ್ಮನವರ ಪಾಲಿನ ಗೋಡೆಯಲ್ಲಿ ಹೂತಿತ್ತು, ಬಾಲ್ಕನಿ ಅವರ ಬಾಗಿಲಿನ ಮೇಲಕ್ಕೆ ಒಂದು ಗೇಣು ಬಂದಿತ್ತು. ಅಪ್ಪ ಬೀದಿಯ ನಡುವೆ ನಿಂತು ತಲೆ ಕೆರೆದುಕೊಂಡದ್ದು ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗಿನ್ನೂ ತರಬೇತಿಯಲ್ಲಿದ್ದ ನರ್ಸಮ್ಮ ಬಿಳಿ ಸಮವಸ್ತ್ರದಲ್ಲಿ ಹೊರಗೆ ಬಂದು ತಲೆಯೆತ್ತಿ ನೋಡಿ, "ಇರಲಿ ಬಿಡಿ ಮಾವ, ನಮ್ಮ ಬಾಗಿಲಿಗೆ ಮಳೆ ಹೊಡೆಯಲ್ಲ" ಎಂದಿದ್ದರು. ಮಂಚದ ಚೌಕಟ್ಟುಗಳನ್ನು ಆಸ್ಪತ್ರೆಯ ಹಿತ್ತಲಿನಲ್ಲಿ ತೋರಿಸಿಕೊಟ್ಟವರೂ ಅವರೇ. ಮೊದಲ ದಿನ ಬೀದಿಯವರೆಲ್ಲ ಅವಳ ಮನೆಯ ಮೆಟ್ಟಿಲ ಮೇಲೆ ಸರದಿಯಲ್ಲಿ ನಿಂತಿದ್ದರು. ಹತ್ತಿ ಹೋಗಿ ಸ್ವಲ್ಪ ಹೊತ್ತು ನಿಂತು ತಮ್ಮದೇ ಬೀದಿಯನ್ನು ನೋಡಿ ಇಳಿಯುತ್ತಿದ್ದರು. ನೋಡಲೇನೂ ಇರಲಿಲ್ಲ. ಆದರೂ ಇಳಿದವರು ಮತ್ತೆ ಸರದಿಯ ಕೊನೆಗೆ ಹೋಗಿ ನಿಂತರು.

ಇಷ್ಟೆಲ್ಲ ನೆನಪಿದ್ದೂ ಅವಳು ಆ ಬಾಲ್ಕನಿಗೆ ಕಾಲಿಟ್ಟದ್ದು ಅಪರೂಪ. ಬಟ್ಟೆ ಒಣಗಿಸುವಾಗಲೂ ಬಾಗಿಲಿನಿಂದಲೇ ಕೈಚಾಚಿ ಹರವುತ್ತಿದ್ದಳು. ಅಲ್ಲಿ ನಿಂತರೆ ಬೀದಿ ತನ್ನನ್ನು ನೋಡುತ್ತದೆ, ಉಬ್ಬುಹಲ್ಲಿನ ಮೇಲೆ ನಿಂತವಳು ಎನ್ನುತ್ತದೆ. ಶಾಲೆಯಲ್ಲಿ ಒಮ್ಮೆ ನಮ್ಮ ಮನೆ ಎಂಬ ಚಿತ್ರ ಬರೆಯಲು ಕೊಟ್ಟಾಗ ಅವಳು ಬಹಳ ಮುತುವರ್ಜಿಯಿಂದ, ಅಡಿಪಟ್ಟಿ ಹಿಡಿದು, ಬಿಳಿ ಗೋಡೆ, ಬೂದು ಬಾಗಿಲು, ಎರಡು ಪುಟ್ಟ ಕಿಟಕಿ ಬರೆದಿದ್ದಳು. ಬಾಲ್ಕನಿ ಬರೆಯಲಿಲ್ಲ. ಅಪ್ಪ ಆ ಹಾಳೆಯನ್ನು ನೀಲಿ ಉಗುರಿನ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಚೆನ್ನಾಗಿದೆ. ನಾನು ಎಲ್ಲಿ ನಿಂತ್ಕೊಳ್ಳಲಿ?" ಎಂದ. ಅಷ್ಟೇ. ಬೈಯಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದ ಅವಳಿಗೆ ನಿನ್ನೆಯ ಖುಷಿ ಎಲ್ಲಿಂದ ಬಂತೆಂದು ಈಗ ಹೊಳೆಯಿತು. ಆರ್ಕಿಟೆಕ್ಟ್ ತಂದದ್ದು ಅವಳದೇ ಚಿತ್ರ. ಅವಳು ಬೇಡಿಕೊಂಡದ್ದನ್ನು ಇಷ್ಟು ವರ್ಷಗಳ ಮೇಲೆ ಯಾರೋ ಮನೆ ಬಾಗಿಲಿಗೇ ತಂದು ಮೇಜಿನ ಮೇಲೆ ಬಿಡಿಸಿದ್ದರು. ಅಳು ಬರಲಿಲ್ಲ. ಬಂದದ್ದು ಕೋಪ, ಮೊದಲು ತನ್ನ ಮೇಲೆ, ಆಮೇಲೆ ಆ ಸಾಹುಕಾರನ ಮೇಲೆ. ಸತ್ತು ಎಷ್ಟು ಕಾಲವಾದರೂ ತನ್ನ ಕಿಟಕಿಯನ್ನು ತನಗೆ ಬೇಕಾದ ಎತ್ತರದಲ್ಲೇ ಇಡಿಸುತ್ತಿದ್ದಾನಲ್ಲ, ಅದಕ್ಕೆ ಅವಳ ಕೈಯಿಂದಲೇ ಬಾಲ್ಯದಲ್ಲಿ ನಕ್ಷೆ ಬರೆಸಿಕೊಂಡಿದ್ದನಲ್ಲ ಎಂದು.

ಮೀಟಿಂಗು ಬೀದಿಯ ಕೊನೆಯಲ್ಲಿದ್ದ ಹಳೇ ಗಿರಣಿ ಶಾಲೆಯ ಹಾಲಿನಲ್ಲಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ದೊಡ್ಡವರೆಲ್ಲ ಕೂತಿದ್ದರು. ಬೀದಿಯ ಹಿರಿಯರೆಂದು ನಿವೃತ್ತ ಪೋಸ್ಟ್‌ಮಾಸ್ಟರು ಆರ್ಕಿಟೆಕ್ಟ್‌ನ ಪಕ್ಕ ಮುಂದೆ ಕೂತು, ಟ್ರಸ್ಟಿನವರನ್ನು ಹೊಗಳಿ, ಚಿತ್ರವನ್ನು ಕರಿಹಲಗೆಗೆ ಅಂಟಿಸಿ, ಎಲ್ಲರೂ ಒಬ್ಬೊಬ್ಬರಾಗಿ ಬಂದು ಸಹಿ ಹಾಕಿ ಎಂದರು. ಜನ ಎದ್ದರು. ಪೆನ್ನು ಕೈಯಿಂದ ಕೈಗೆ ಹೋಯಿತು. ಅವಳ ಸರದಿ ಬಂದಾಗ ಎದ್ದು ನಿಂತಳು, ಮುಂದೆ ಹೋಗಲಿಲ್ಲ.

"ನಾನು ಸಹಿ ಹಾಕಲ್ಲ" ಎಂದಳು. ಲ್ಯಾಬಿನಿಂದ ಮನೆಗೆ, ಮನೆಯಿಂದ ಇಲ್ಲಿಗೆ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ, ಬಾಯಿಗೆ ಬಂದದ್ದು ಇಷ್ಟೇ.

ಬೆಂಚುಗಳು ಕಿರುಗುಟ್ಟಿದವು. ಪೋಸ್ಟ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ, "ತಮಾಷೆ ಬೇಡಮ್ಮ. ಜೀವನಪೂರ್ತಿ ಅದನ್ನ ಕಂಡ್ರೆ ನಿನಗೇ ಆಗ್ತಿರ್ಲಿಲ್ಲ" ಎಂದರು. ಇಡೀ ಬೀದಿಗೆ ಅದು ಗೊತ್ತಿತ್ತು ಎಂಬುದು ಅವಳಿಗೆ ಅವತ್ತೇ ಗೊತ್ತಾದದ್ದು. ಮುಖಕ್ಕೆ ಹೊಡೆದ ಹಾಗಾಯಿತು. ಯಾರೋ ಹಿಂದಿನಿಂದ ಕಿಸಕ್ಕೆಂದರು.

"ಹೌದು, ಆಗ್ತಿರ್ಲಿಲ್ಲ. ಈಗಲೂ ಚೆಂದ ಅಂತ ನಾನು ಹೇಳ್ತಿಲ್ಲ" ಎಂದಳು. "ಆದ್ರೆ ಈ ಬೀದೀಲಿ ನಾವು ಕಟ್ಟಿದ್ದು ಅದೊಂದೇ. ಉಳಿದದ್ದೆಲ್ಲ ಸಾಹುಕಾರ ಕಟ್ಟಿಸಿದ್ದು. ನಾವು ಒಬ್ಬರನ್ನೊಬ್ಬರು ನೋಡಬಾರದು ಅಂತ ಕಿಟಕಿ ಮೇಲಿಟ್ಟಿದ್ದ. ನೀವು ಅದನ್ನೇ ಹೊಸದು ಮಾಡಿಕೊಡ್ತೀನಿ ಅಂತಿದ್ದೀರ."

ಆರ್ಕಿಟೆಕ್ಟ್ ಇದನ್ನು ಶ್ರದ್ಧೆಯಿಂದ ಕೇಳಿಸಿಕೊಂಡ. ಅದೇ ಅವಳಿಗೆ ತಡೆಯಲಾಗಲಿಲ್ಲ. "ನೀವು ಹೇಳೋದು ನಿಜ ಮೇಡಂ. ಗಿರಣಿಯವರು ಜನರನ್ನ ಹೇಗಿಟ್ಟಿದ್ರು ಅನ್ನೋದೂ ಈ ಗೋಡೆಗಳಲ್ಲಿ ಇದೆ. ಅದನ್ನ ಅಳಿಸಿದ್ರೆ ನಾಳೆ ಯಾರಿಗೆ ಗೊತ್ತಾಗುತ್ತೆ? ನಿಮ್ಮ ತಂದೆಯವರ ಬಾಲ್ಕನಿ ಬಗ್ಗೆ ಒಂದು ಫಲಕ ಹಾಕೋಣ, ನಿಮ್ಮನೆ ಗೋಡೆ ಮೇಲೇ, ಅವರ ಫೋಟೋ ಸಮೇತ" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಇಲ್ಲೊಂದು ಬಾಲ್ಕನಿ ಇತ್ತು ಎಂದು ಬರೆದ ಫಲಕದ ಕೆಳಗೆ, ಸಪಾಟು ಗೋಡೆಯ ಮೇಲೆ, ಅಪ್ಪ ಪಾಸ್‌ಪೋರ್ಟ್ ಅಳತೆಯಲ್ಲಿ ನಿಂತಿರುವುದು ಕಣ್ಣಿಗೆ ಬಂತು.

"ಫಲಕದ ಮೇಲೆ ನಿಂತ್ಕೊಳ್ಳೋಕಾಗಲ್ಲ" ಎಂದಳು. ಕೆಲವರು ನಕ್ಕರು. ಹೆಚ್ಚಿನವರಿಗೆ ಸಿಟ್ಟು ಬಂದಿತ್ತು. ಒಬ್ಬಳ ಹಟಕ್ಕೆ ಇಡೀ ಸಾಲಿನ ಬಾಯಿಗೆ ಮಣ್ಣು ಎಂದು ಒಬ್ಬರು, ಮೊದಲೇ ಹೇಳಬಾರದಿತ್ತಾ ಎಂದು ಇನ್ನೊಬ್ಬರು. ಆ ಗದ್ದಲದ ನಡುವೆ ಮೂಲೆಯ ಬೆಂಚಿನಿಂದ ನರ್ಸಮ್ಮ ಎದ್ದರು. ಅವರು ಏಳುವುದು ನಿಧಾನ, ಅಂಗೈಯನ್ನು ಬೆಂಚಿಗೆ ಊರಿ, ಸೊಂಟ ಸರಿಮಾಡಿಕೊಂಡು. ಗದ್ದಲ ತಾನಾಗಿ ನಿಂತಿತು.

"ಅವಳ ಸಹಿ ಬೇಕಾಗಿಲ್ಲ" ಎಂದರು ನರ್ಸಮ್ಮ. ಇವಳ ಕಡೆ ನೋಡುತ್ತಲೇ ಹೇಳಿದರು, ಅದೇ ಕಷ್ಟವಾದದ್ದು. "ಕೊನೇ ಗರ್ಡರು ನನ್ನ ಗೋಡೇಲಿದೆ. ಒಂದು ಗೇಣು ನನ್ನ ಬಾಗಿಲ ಮೇಲಿದೆ. ನನ್ನದನ್ನ ನಾನು ತೆಗೆಸ್ತೀನಿ. ಅದು ಹೋದ್ರೆ ಉಳಿದದ್ದು ನಿಲ್ಲುತ್ತಾ?"

ಆರ್ಕಿಟೆಕ್ಟ್ ಸ್ವಲ್ಪ ತಡೆದು, ನಿಲ್ಲುವುದಿಲ್ಲ, ಅಪಾಯವೆಂದು ನಗರಸಭೆಯವರೇ ಬಂದು ಇಳಿಸಬೇಕಾಗುತ್ತದೆ, ನಾಳೆಯೇ ಕೆಲಸದವರನ್ನು ಕರೆಸಬಹುದು, ನರ್ಸಮ್ಮನವರು ಒಂದು ಸಹಿ ಹಾಕಿಕೊಟ್ಟರೆ ಸಾಕು ಎಂದ. ಇವಳಿಗೆ ನರ್ಸಮ್ಮನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹಾಸಿಗೆಯ ಮೇಲೆ ಬಿದ್ದಿದ್ದ ಆ ಗಾರೆಯ ರಾಶಿ, ಅದನ್ನು ಇಬ್ಬರೂ ಸೇರಿ ಬುಟ್ಟಿಗೆ ತುಂಬಿದ್ದು, ಎಲ್ಲ ಎದೆಯೊಳಗೆ ಒಟ್ಟಿಗೇ ಕದಲಿದವು. ಅವರು ಕೇಳುತ್ತಿದ್ದುದು ನ್ಯಾಯವಾದದ್ದನ್ನೇ. ತಲೆಯ ಮೇಲೊಂದು ಸೂರು. ತಾನು ಹಿಡಿದು ಕೂತಿರುವುದು ಮಂಚದ ಚೌಕಟ್ಟು ಬಡಿದ, ಅಳತೆ ತಪ್ಪಿದ, ಅರ್ಧ ತುಕ್ಕು ಹಿಡಿದ ಒಂದು ಉಬ್ಬು. ತಕ್ಕಡಿಯಲ್ಲಿಟ್ಟರೆ ಯಾವ ಕಡೆ ವಾಲುತ್ತದೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೆ ಏನೋ ಬಗ್ಗಲಿಲ್ಲ. ಇಷ್ಟು ವರ್ಷ ಯಾವುದಕ್ಕೆ ನಾಚಿದ್ದಳೋ ಅದಕ್ಕಾಗಿ ಇವತ್ತು ಇಡೀ ಬೀದಿಯ ಮುಂದೆ ತಪ್ಪಿತಸ್ಥಳಾಗಿ ನಿಲ್ಲುವುದರಲ್ಲಿ ಒಂದು ಸಮಾಧಾನವೇ ಇತ್ತು.

"ನಿಮ್ಮ ಗೇಣು ನಿಮ್ಮದು ಅಕ್ಕಾ, ಇಲ್ಲ ಅನ್ನಲ್ಲ" ಎಂದಳು. "ಕೆಲಸದವರನ್ನ ಕರೆಸಿ. ನಾನು ಅದರ ಮೇಲೇ ಇರ್ತೀನಿ."

ಹೊರಗೆ ಬಂದಾಗ ಸಂಜೆಯ ಬೆಳಕಿನ್ನೂ ಸಾಕಷ್ಟಿತ್ತು. ಬೀದಿ ಖಾಲಿ, ಎಲ್ಲರೂ ಹಾಲಿನಲ್ಲಿದ್ದರು. ಸೈಕಲ್‌ನವನೊಬ್ಬನೇ ನರ್ಸಮ್ಮನ ಬಾಗಿಲಿನ ಮುಂದೆ ಸಾಮಾನು ಗಂಟು ಕಟ್ಟುತ್ತಿದ್ದ. ಅವಳು ಬಾಗಿಲು ತೆರೆದು, ಊಟದ ಮೇಜಿನ ಒಂದು ಕುರ್ಚಿಯನ್ನು ತಲೆಕೆಳಗಾಗಿ ಹೆಗಲ ಮೇಲೆ ಹೊತ್ತು, ಕಡಿದಾದ ಮೆಟ್ಟಿಲುಗಳಲ್ಲಿ ಗೋಡೆಗೆ ಬಡಿಸಿಕೊಳ್ಳುತ್ತಾ ಹತ್ತಿದಳು. ಮೊಣಕೈ ತರಚಿತು. ಬಾಲ್ಕನಿಯ ಬಾಗಿಲು ಮಾಮೂಲಿನಂತೆ ಅರ್ಧಕ್ಕೆ ಸಿಕ್ಕಿಹಾಕಿಕೊಂಡಿತು, ಒದ್ದಳು. ಹಲಗೆಯ ಮೇಲೆ ಪೂರ್ತಿ ಕಾಲಿಟ್ಟಾಗ ಅದು ಸಣ್ಣಗೆ ನರಳಿತು, ಆದರೆ ತಾಳಿತು. ಬಲತುದಿಗೆ, ಆ ಗಿಡ್ಡ ಕಂಬಿಯ ಪಕ್ಕಕ್ಕೆ, ನರ್ಸಮ್ಮನ ಪಾಲಿನ ಜಾಗಕ್ಕೆ ಕುರ್ಚಿ ಒಯ್ದು ಹಾಕಿದಳು. ಗೇಣಿನಷ್ಟು ಜಾಗದಲ್ಲಿ ಕುರ್ಚಿಯ ಎರಡು ಕಾಲು ಮಾತ್ರ ಹಿಡಿದವು. ಕೂತಳು. ಕಾಲಿನಡಿ ಬೀದಿ ಬರಿದಾಗಿ ಚಾಚಿಕೊಂಡಿತ್ತು, ಆ ತುದಿಯಿಂದ ಈ ತುದಿಯವರೆಗೆ, ಒಂದೇ ಸಲಕ್ಕೆ. ಇಷ್ಟು ಉದ್ದದ ಬೀದಿಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಹಾಲಿನಿಂದ ಜನ ಗುಂಪುಗುಂಪಾಗಿ ಬಂದರು. ದೂರದಿಂದಲೇ ಅವಳನ್ನು ಕಂಡು ನಡಿಗೆ ನಿಧಾನ ಮಾಡಿದರು. ಒಬ್ಬೊಬ್ಬರೂ ಕೆಳಗೆ ಬಂದಾಗ ತಲೆಯೆತ್ತಿ ನೋಡಿದರು. ಅವಳು ಎಲ್ಲರನ್ನೂ ನೋಡಿದಳು, ಒಬ್ಬರನ್ನೂ ಬಿಡದೆ. ಪೋಸ್ಟ್‌ಮಾಸ್ಟರು ಮಾತ್ರ ತಲೆ ಬಗ್ಗಿಸಿಕೊಂಡು ದಾಟಿದರು. ಯಾರೂ ಒಳಗೆ ಹೋಗಲಿಲ್ಲ. ತಂತಮ್ಮ ಬಾಗಿಲುಗಳ ಮುಂದೆ, ಕೂರಲು ಏನೂ ಇಲ್ಲದ ಕಡೆ, ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೊನೆಗೆ ನರ್ಸಮ್ಮ ಬಂದರು, ಅವರ ಹಿಂದೆ ಕಾಗದ ಪೆನ್ನು ಹಿಡಿದ ಆರ್ಕಿಟೆಕ್ಟ್. ನರ್ಸಮ್ಮ ತಮ್ಮ ಬಾಗಿಲಿನ ಮುಂದೆ, ಸರಿಯಾಗಿ ಅವಳ ಕುರ್ಚಿಯ ಕೆಳಗೆ ನಿಂತರು.

"ಪುಟ್ಟೀ, ಅದು ನನ್ನ ಕಡೆ" ಎಂದರು. ಐವತ್ತು ದಾಟಿದವಳನ್ನು ಹಾಗೆ ಕರೆಯುವವರು ಅವರೊಬ್ಬರೇ ಉಳಿದಿದ್ದರು.

"ಗೊತ್ತು."

"ನನ್ನ ಸೂರಿಗೆ ಏನು ಹೇಳ್ತೀಯ?"

"ಏನೂ ಇಲ್ಲ ಅಕ್ಕಾ. ನನ್ನ ಕೋಣೆಗೆ ಬನ್ನಿ ಅಂದ್ರೆ ಉಗೀತೀರ."

"ಉಗೀತೀನಿ" ಎಂದರು ನರ್ಸಮ್ಮ. ಆರ್ಕಿಟೆಕ್ಟ್ ಮೆಲ್ಲಗೆ ಕಾಗದ ಮುಂದೆ ಹಿಡಿದ. ಅವರು ಅದರ ಕಡೆ ನೋಡಲಿಲ್ಲ. ಒಳಗೆ ಹೋದರು, ಅಡುಗೆಮನೆಯ ಗಿಡ್ಡ ಸ್ಟೂಲು ಎತ್ತಿಕೊಂಡು ಬಂದು ಬೀದಿಯಲ್ಲೇ, ಬಾಗಿಲಿಗೆ ಅಡ್ಡವಾಗಿ ಇಟ್ಟು, ಸೊಂಟ ಹಿಡಿದುಕೊಂಡು ಕೂತರು. "ಹಾಕ್ತೀನಪ್ಪ, ಸಹಿ ಹಾಕದೆ ಎಲ್ಲಿಗೆ ಹೋಗ್ತೀನಿ" ಎಂದರು ಅವನಿಗೆ. "ಅವಳು ಇಳಿದ ಕೂಡ್ಲೇ ಹಾಕ್ತೀನಿ. ಅಲ್ಲೀತನಕ ನಾನೂ ಏಳಲ್ಲ."

"ಅವರು ಇಳಿಯದಿದ್ರೆ?" ಎಂದ ಅವನು. ನರ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಎದುರು ಮನೆಯವರು ಒಳಗಿನಿಂದ ಒಂದು ಬೆಂಚು ತಂದು ಹಾಕಿಕೊಂಡರು. ಅದರ ಪಕ್ಕದವರು ಎರಡು ಕುರ್ಚಿ ತಂದರು. ಆಟ ನೋಡಲು ಬಂದವರಂತೆ ಬೀದಿ ಕೂತುಕೊಂಡಿತು. ಈ ಕಡೆಯವರು ಆ ಕಡೆಯವರ ಜೊತೆ ಜೋರಾಗಿ, ಯಾರು ಮೊದಲು ಏಳುತ್ತಾರೆಂದು ಪಂತ ಕಟ್ಟತೊಡಗಿದರು. ಆರ್ಕಿಟೆಕ್ಟ್ ಕಾಗದವನ್ನು ಮಡಿಸಿ, ಬಿಡಿಸಿ, ಕೊನೆಗೆ ಸೈಕಲ್‌ನವನ ಗಂಟಿನ ಮೇಲೆ ಕೂತ.

ಅವಳು ಕಾಲು ಬದಲಿಸಿದಾಗ ಹಲಗೆ ಅಲುಗಿ, ಗಿಳಿಹಸಿರು ಬಣ್ಣದ ಚಕ್ಕೆಗಳು ಕೆಳಗುದುರಿದವು. ನರ್ಸಮ್ಮ ತಲೆ ಕೊಡವಿಕೊಂಡು ಮೇಲೆ ನೋಡಿದರು. ಅವರ ಮುಖದಲ್ಲಿ ಕರುಣೆಯಾಗಲಿ, ರಾಜಿಯಾಗಲಿ ಇರಲಿಲ್ಲ.

"ನನ್ನ ತಲೆ ಮೇಲೆ ಉದುರ್ತಾ ಇದೆ. ಸ್ವಲ್ಪ ನಿನ್ನ ಕಡೆ ಸರ್ಕೋ."

"ಸರ್ಕೊಳ್ಳಲ್ಲ ಅಕ್ಕಾ" ಎಂದಳು ಅವಳು, ಕುರ್ಚಿಯನ್ನು ಕಂಬಿಗೆ ಬಡಿಯುವ ತನಕ ಅವರ ಕಡೆಗೇ ಎಳೆದುಕೊಂಡು.